ಕಿರಿಯರ ಹೊಣೆ ಹೊತ್ತವರೇ ಮುಂದಾಳುಗಳು

ಅಮೆರಿಕದ ಶಾಲೆ, ಕಾಲೇಜುಗಳಲ್ಲಿ ‘ಎಥ್ನಿಕ್ ಸ್ಟಡೀಸ್’ ಎಂಬ ವಿಷಯವಿದೆ. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕ ಮೂಲದವರ ಹಾಗೂ ಅಲ್ಲಿನ ಮೂಲನಿವಾಸಿಗಳ ಚರಿತ್ರೆ, ದುಡಿಮೆ, ವಲಸೆ, ಹೋರಾಟಗಳನ್ನು ಆ ಜನರ ಕಡೆಯಿಂದಲೇ ನೋಡುವ ಓದು ಇದು. ವಿದ್ಯಾರ್ಥಿಗಳು ಹಟ ಹಿಡಿದು ಪಡೆದ ಓದೂ ಹೌದು. 1968ರ ನವೆಂಬರ್ 6ರಂದು ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ ಈ ಸಮುದಾಯಗಳ ಯುವಜನರು ಒಗ್ಗೂಡಿ ಆರಂಭಿಸಿದ ಮುಷ್ಕರ, ಪೊಲೀಸರ ಲಾಠಿ, ಬಂಧನಗಳ ನಡುವೆಯೂ 1969ರ ಮಾರ್ಚ್‌ವರೆಗೆ ನಡೆದು, ಈ ಅಧ್ಯಯನಕ್ಕೇ ಮೀಸಲಾದ ವಿಭಾಗವೊಂದನ್ನು ಗಿಟ್ಟಿಸಿಕೊಂಡಿತು. ಅದೇ ವರ್ಷ ಬರ್ಕ್ಲಿಯಲ್ಲೂ ಇಂಥದೇ ಹೋರಾಟ ಫಲ ಕೊಟ್ಟಿತು. ಹೊಣೆ ಹೊತ್ತವರೇ ಕಟ್ಟಿದ ಈ ಓದು, ಹೊಣೆ ಹೊರಿಸಿದಾಗಲೇ ಮುಂದಾಳುಗಳನ್ನು ಬೆಳೆಸುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊದಲ್ಲೇ 2001ರಲ್ಲಿ ಪ್ರಾಧ್ಯಾಪಕಿ ಆಲಿಸನ್ ಟಿಂಟಿಯಾಂಗ್ಕೊ ಕುಬಾಲೆಸ್ ಆರಂಭಿಸಿದ ‘ಪಿನಾಯ್ ಎಜುಕೇಷನಲ್ ಪಾರ್ಟ್‌ನರ್‌ಶಿಪ್ಸ್’ ಇದಕ್ಕೆ ಒಳ್ಳೆಯ ಸಾಕ್ಷಿ. ಕಾಲೇಜು ವಿದ್ಯಾರ್ಥಿಗಳು ಮಾರ್ಗದರ್ಶಿಗಳಾಗಿ ಬಾಲ್ಬೋವಾ ಹೈಸ್ಕೂಲಿಗೆ ಹೋಗಿ ಫಿಲಿಪಿನೊ ಅಮೆರಿಕನ್ನರ ಚರಿತ್ರೆಯನ್ನು ಹೇಳಿಕೊಡುವುದರೊಂದಿಗೆ ಅದು ಶುರುವಾಯಿತು. ಈ ಮಾರ್ಗದರ್ಶಿಗಳನ್ನು ತಿದ್ದಲು ಅವರಿಗಿಂತ ಅನುಭವಿಗಳು ಬೆನ್ನಿಗಿರುತ್ತಾರೆ. ನಾಳೆ ಹದಿನೈದರ ಮಕ್ಕಳ ಎದುರು ನಿಲ್ಲಬೇಕಾದ ಇಪ್ಪತ್ತರ ಯುವತಿಗೆ ಅರೆಬರೆ ಓದು ಸಾಲದು; ಮಕ್ಕಳ ಪ್ರಶ್ನೆಗೆ ಉತ್ತರ ಹುಡುಕುವುದೇ ಅವಳ ನಾಯಕತ್ವದ ತಾಲೀಮು. ಮಕ್ಕಳಿಗಾದರೋ ತಮ್ಮಂಥದೇ ಮನೆಯಿಂದ ಬಂದು ಕಾಲೇಜು ಮೆಟ್ಟಿಲು ಹತ್ತಿದವರೊಬ್ಬರು ಕೈಗೆಟಕುವ ದೂರದಲ್ಲಿರುತ್ತಾರೆ.

ಇದರಿಂದ ಕಲಿಕೆಗೆ ಲಾಭವಿದೆಯೇ? ಸ್ಯಾನ್ ಫ್ರಾನ್ಸಿಸ್ಕೊದ ಕೆಲವು ಶಾಲೆಗಳಲ್ಲಿ ಎಂಟನೇ ತರಗತಿಯ ಸರಾಸರಿ ಗ್ರೇಡ್ 2ಕ್ಕಿಂತ ಕಡಿಮೆ ಇದ್ದವರನ್ನು ಒಂಬತ್ತರಲ್ಲಿ ಎಥ್ನಿಕ್ ಸ್ಟಡೀಸ್ ತರಗತಿಗೆ ಸೇರಿಸುತ್ತಿದ್ದರು. ಆ ಗಡಿಯ ಆಚೀಚೆ ಇದ್ದವರನ್ನು ಹೋಲಿಸಿ ಥಾಮಸ್ ಡೀ ಮತ್ತು ಎಮಿಲಿ ಪೆನ್ನರ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಜರಾತಿ ಶೇಕಡಾ 21 ಅಂಶಗಳಷ್ಟು, ಗ್ರೇಡ್ 4ರ ಮಾಪಕದಲ್ಲಿ 1.4ರಷ್ಟು ಏರಿದ್ದು ಕಂಡಿತು. ಕೆಲವೇ ಶಾಲೆಗಳ ಲೆಕ್ಕವನ್ನು ಇಡೀ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಹೊಂದಿಸಬಾರದೆಂದು ವಿಮರ್ಶಕರು ಆಕ್ಷೇಪಿಸಿದ್ದಾರೆ. ಅದು ಸರಿಯೇ. ಒಳ್ಳೆಯ ತರಬೇತಿ ಪಡೆದ ಶಿಕ್ಷಕರು ನಡೆಸಿದ ತರಗತಿಗಳ ಫಲಿತಾಂಶವನ್ನು, ಬರೀ ಪಠ್ಯಪುಸ್ತಕ ಹಂಚಿ ಪಡೆಯಲಾಗದು.

ಈ ಓದು ಮಕ್ಕಳನ್ನು ಒಡೆಯುತ್ತದೆ ಎಂಬ ಆಕ್ಷೇಪ ಇನ್ನೂ ಗಂಭೀರ. ಆ ಕಾರಣ ಮುಂದಿಟ್ಟು ಅರಿಜೋನಾ ರಾಜ್ಯ 2010ರಲ್ಲಿ ಇಂಥ ತರಗತಿಗಳನ್ನು ತಡೆಯುವ ಕಾನೂನು ತಂದಿತು. ಅದರಿಂದ ಅಲ್ಲಿನ ಟೂಸಾನ್ ನಗರದ ಮೆಕ್ಸಿಕನ್ ಅಮೆರಿಕನ್ ಅಧ್ಯಯನ 2012ರಲ್ಲಿ ನಿಂತಿತು. ಆ ಕ್ರಮದ ಹಿಂದೆ ಜನಾಂಗ ದ್ವೇಷವಿತ್ತೆಂದು 2017ರಲ್ಲಿ ಫೆಡರಲ್ ನ್ಯಾಯಾಲಯ ಹೇಳಿತು. ಆದರೆ ತೀರ್ಪೊಂದರಿಂದ ಅಳುಕು ಹೋಗದು. ಕ್ಯಾಲಿಫೋರ್ನಿಯಾದ 2019ರ ಕರಡು ಪಠ್ಯಕ್ರಮ ಪಕ್ಷಪಾತಿಯೆಂದು ಯಹೂದಿ ಸಂಘಟನೆಗಳೂ ದೂರಿದವು. ತಿದ್ದುಪಡಿಗಳ ನಂತರವೇ 2021ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಸಿದ್ಧ ತೀರ್ಮಾನಗಳನ್ನು ಒಪ್ಪಿಸುವ ತರಗತಿ ಯಾವ ಪಕ್ಷದ್ದಾದರೂ ಕೆಡುಕೇ. ಕಿರಿಯರ ಪ್ರಶ್ನೆಗೆ, ಹಿರಿಯರ ತಿದ್ದುಪಡಿಗೆ ಎರಡಕ್ಕೂ ತಲೆಬಾಗಬೇಕಾದ ಮಾರ್ಗದರ್ಶಿಗೆ ಹಾಗೆ ಒಪ್ಪಿಸಿ ಪಾರಾಗುವುದು ಕಷ್ಟ.

2021ರ ಕ್ಯಾಲಿಫೋರ್ನಿಯಾ ಕಾನೂನು 2030ರಲ್ಲಿ ಹೈಸ್ಕೂಲು ಮುಗಿಸುವವರಿಗೆ ಈ ವಿಷಯವನ್ನು ಕಡ್ಡಾಯ ಮಾಡಿತು, ಆದರೆ ಹಣ ಒದಗಿಸಿದರೆ ಮಾತ್ರ ಎಂಬ ಷರತ್ತಿಟ್ಟಿತು. ಆ ರಾಜ್ಯದಲ್ಲಿ ನೆಲೆಸಿರುವ ಕನ್ನಡಿಗರ ಮಕ್ಕಳಿಗೂ ಇದು ಸಂಬಂಧಿಸಿದ ಮಾತು. ಹಣ ಬಂದ ದಿನ ಅದರ ಮೊದಲ ಪಾಲು ಮಾರ್ಗದರ್ಶಿಗಳ ತರಬೇತಿಗೆ ಹೋಗಬೇಕು; ಅವರಿಲ್ಲದೆ ಕಡ್ಡಾಯವಾದರೆ ಅದು ಪರೀಕ್ಷೆಗೆ ಓದಿ ಮರೆಯುವ ಮತ್ತೊಂದು ವಿಷಯವಾಗುತ್ತದೆ ಅಷ್ಟೆ.