ಅಣ್ಣಿಗೇರಿಯ ಚಳಿ: ಕೈಕೊಡುವ ಬ್ಯಾಟರಿ, ಪ್ರಾಣ ತೆಗೆಯುವ ಕೆಂಡ

ಎಳ್ಳಮಾವಾಸ್ಯೆಯ ಚರಗ ಮುಗಿದು ಸಂಕ್ರಾಂತಿ ಬರುವವರೆಗೆ ಅಣ್ಣಿಗೇರಿಯ ಸುತ್ತಲಿನ ಎರೆ ಹೊಲಗಳ ಮೇಲೆ ಬೆಳಗಿನ ಹೊತ್ತು ಇಬ್ಬನಿ ಕುಳಿತಿರುತ್ತದೆ. ಕಡಲೆ, ಬಿಳಿಜೋಳ, ಕುಸುಬೆಗಳಿಗೆ ಈ ಚಳಿ ಬೇಕು. ಹಿಂಗಾರಿ ರೈತರು ಅದನ್ನು ಬೇಡಿಕೊಳ್ಳುತ್ತಾರೆ. ಊರೊಳಗಿನ ಕತೆ ಬೇರೆ. ಕಾರು ಸ್ಟಾರ್ಟ್ ಆಗುವುದಿಲ್ಲ, ಗೋಡೆಯಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ, ಬಚ್ಚಲಿನ ಹೀಟರ್ ಕೈಗೆ ಜುಮ್ಮೆನ್ನಿಸುತ್ತದೆ. ಎಲ್ಲಕ್ಕೂ ಚಳಿಯನ್ನೇ ದೂರುವುದು ರೂಢಿ. ಬಿಡಿಸಿ ನೋಡಿದರೆ, ಮೊದಲೇ ಇದ್ದ ದೋಷವನ್ನು ಚಳಿ ಬಯಲಿಗೆ ತಂದದ್ದೇ ಹೆಚ್ಚು.

ಮಳೆಗಾಲ ಮುಗಿದ ಮೇಲೆ ಆಕಾಶ ನಿರಭ್ರವಾಗಿರುತ್ತದೆ, ಗಾಳಿ ಒಣಗಿರುತ್ತದೆ. ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನು ತಡೆಯಿಲ್ಲದೆ ಬಿಟ್ಟುಕೊಡುತ್ತದೆ. ಹೀಗಾಗಿ ಮಧ್ಯಾಹ್ನ 30 ಡಿಗ್ರಿ ಸೆಲ್ಸಿಯಸ್ ಇದ್ದ ಉಷ್ಣಾಂಶ ನಸುಕಿನಲ್ಲಿ 12ಕ್ಕೆ ಇಳಿಯುವುದುಂಟು. ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣಾಂಶವು 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿಳಿದು, ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆಯಿದ್ದರೆ ಹವಾಮಾನ ಇಲಾಖೆ ಅದನ್ನು ಶೀತಗಾಳಿ ಎಂದು ಕರೆಯುತ್ತದೆ. ಲಡಾಖಿನಂತೆ ಡೀಸೆಲ್ ಹೆಪ್ಪುಗಟ್ಟುವ, ನಲ್ಲಿಯ ನೀರು ಹಿಮವಾಗುವ ಭಯ ಇಲ್ಲಿಲ್ಲ.

ಹಾಗಾದರೆ ಕಾರು ಏಕೆ ಮೊಂಡು ಹಿಡಿಯುತ್ತದೆ? ಸೀಸ-ಆಮ್ಲ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ತಂಪಿನಲ್ಲಿ ಮಂದವಾಗುತ್ತದೆ. 10 ಡಿಗ್ರಿಯ ಹೊತ್ತಿಗೆ ಅದರ ಸಾಮರ್ಥ್ಯದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುತ್ತದೆ. ಎಂಜಿನ್ ಆಯಿಲ್ ದಪ್ಪವಾಗುವುದರಿಂದ ಎಂಜಿನ್ ತಿರುಗಿಸಲು ಹೆಚ್ಚು ಬಲವೂ ಬೇಕು. ಗಟ್ಟಿ ಬ್ಯಾಟರಿಗೆ ಇದು ಲೆಕ್ಕಕ್ಕಿಲ್ಲ. ಆದರೆ ಬ್ಯಾಟರಿಯನ್ನು ಒಳಗೊಳಗೇ ತಿಂದುಹಾಕುವುದು ಏಪ್ರಿಲ್-ಮೇ ತಿಂಗಳ ಬಿಸಿಲು. ಬೇಸಿಗೆಯಲ್ಲಿ ಸೊರಗಿದ ಬ್ಯಾಟರಿ ಡಿಸೆಂಬರ್‌ನಲ್ಲಿ ಸಾಯುತ್ತದೆ, ಅಪವಾದ ಮಾತ್ರ ಚಳಿಗೆ. ರಾತ್ರಿಯಿಡೀ ನಿಂತ ವಾಹನದ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಚಾರ್ಜ್ ತುಂಬಿದೆ ಎಂದರ್ಥ, 12.2ರ ಸುಮಾರಿಗೆ ಬಂದಿದ್ದರೆ ಅರ್ಧ ಮಾತ್ರ ಉಳಿದಿದೆ. ಯಾವ ಬ್ಯಾಟರಿ ಅಂಗಡಿಯಲ್ಲಾದರೂ ಎರಡು ನಿಮಿಷದಲ್ಲಿ ಇದನ್ನು ನೋಡಿ ಹೇಳುತ್ತಾರೆ.

ಬೆಳಿಗ್ಗೆ ಕೀಲಿ ತಿರುಗಿಸುವಾಗ ಹೆಡ್‌ಲೈಟ್, ಫ್ಯಾನ್ ಬಂದಾಗಿರಲಿ. ಐದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ಅರ್ಧ ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಬೇಕು. ಡೀಸೆಲ್ ಗಾಡಿಯಾದರೆ ಡ್ಯಾಶ್‌ಬೋರ್ಡಿನ ಸುರುಳಿ ದೀಪ ಆರುವವರೆಗೆ ಕಾಯಬೇಕು. ಗಡಿಬಿಡಿಯವರು ತಪ್ಪುವುದು ಇಲ್ಲಿಯೇ. ಬೇರೆ ಗಾಡಿಯಿಂದ ಕೇಬಲ್ ಹಾಕುವುದಾದರೆ ಮೊದಲು ಧನ ತುದಿಗೆ ಧನ ತುದಿ. ನಂತರ ಒಳ್ಳೆಯ ಬ್ಯಾಟರಿಯ ಋಣ ತುದಿಯ ತಂತಿಯನ್ನು, ಕೆಟ್ಟ ಬ್ಯಾಟರಿಯಿಂದ ದೂರದಲ್ಲಿ, ನಿಂತ ಗಾಡಿಯ ಎಂಜಿನ್ನಿನ ಬರಿ ಲೋಹಕ್ಕೆ ಸೇರಿಸಬೇಕು. ಬ್ಯಾಟರಿಯ ಬಳಿ ಕಿಡಿ ಹಾರಿದರೆ ಅದರಿಂದ ಹೊರಬರುವ ಜಲಜನಕ ಸಿಡಿಯಬಹುದು.

ಚಕ್ರದ ಗಾಳಿಯದೂ ಇಂಥದೇ ಲೆಕ್ಕ. ಉಷ್ಣಾಂಶ ಐದಾರು ಡಿಗ್ರಿ ಇಳಿದಂತೆಲ್ಲ ಟೈರಿನ ಒತ್ತಡ ಸುಮಾರು ಒಂದು ಪೌಂಡ್ ತಗ್ಗುತ್ತದೆ. ಮಧ್ಯಾಹ್ನ ಬಿಸಿ ಟೈರಿಗೆ 32 ಹಿಡಿಸಿಕೊಂಡು ಬಂದವರ ಗಾಡಿಯಲ್ಲಿ ಮರುದಿನ ನಸುಕಿನಲ್ಲಿ 29 ಇದ್ದರೆ ಪಂಕ್ಚರ್ ಎಂದು ಗಾಬರಿಯಾಗಬೇಕಿಲ್ಲ. ಗಾಳಿ ಹಿಡಿಸಲು ಬೆಳಗಿನ ಹೊತ್ತೇ ಸರಿ. ಹುಬ್ಬಳ್ಳಿ-ಗದಗ ಹೆದ್ದಾರಿಯಲ್ಲಿ ಮಂಜು ಮುಸುಕಿದಾಗ ಹೈ ಬೀಮ್ ಹಾಕಿದರೆ ಬೆಳಕು ಮಂಜಿಗೆ ತಾಗಿ ಕಣ್ಣಿಗೇ ಹಿಂತಿರುಗುತ್ತದೆ. ಲೋ ಬೀಮ್ ಸಾಕು. ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಎದುರಾಗುವ ರಸ್ತೆಯಲ್ಲಿ ವೇಗ ತಗ್ಗಿಸದೆ ಬೇರೆ ದಾರಿಯಿಲ್ಲ.

ಗೋಡೆಯ ಬಿರುಕಿಗಂತೂ ಚಳಿಯ ಸಂಬಂಧ ಇಲ್ಲವೆಂದರೂ ನಡೆದೀತು. ದೋಷ ಇರುವುದು ಕಾಲಡಿಯ ಎರೆ ನೆಲದಲ್ಲಿ. ನೀರು ಕುಡಿದಾಗ ಉಬ್ಬಿ, ಒಣಗಿದಾಗ ಕುಗ್ಗುವುದು ಈ ಮಣ್ಣಿನ ಗುಣ. ಮಳೆಯಲ್ಲಿ ಉಬ್ಬಿದ ನೆಲ ಚಳಿಗಾಲದ ಒಣಹವೆಗೆ ಕುಗ್ಗತೊಡಗಿದಾಗ ಬುನಾದಿ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇಳಿಯುತ್ತದೆ. ಗೋಡೆ ಸೀಳುತ್ತದೆ, ಚೌಕಟ್ಟು ವಾರೆಯಾಗಿ ಕದ ಕೂಡುವುದಿಲ್ಲ, ನೆಲದೊಳಗಿನ ಪೈಪಿನ ಜೋಡಣೆ ಬಿಡುತ್ತದೆ. ಸೋರಿದ ನೀರು ಅದೇ ಮಣ್ಣನ್ನು ಒಂದೇ ಕಡೆ ಮತ್ತೆ ಉಬ್ಬಿಸುತ್ತದೆ. ಆದ್ದರಿಂದ ಜನವರಿಯಲ್ಲಿ ಬಿರುಕಿಗೆ ಸಿಮೆಂಟ್ ಮೆತ್ತುವುದು ಹಣ ದಂಡ. ಬಿರುಕಿನ ಎರಡೂ ತುದಿಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿಟ್ಟರೆ ಅದು ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯುತ್ತದೆ. ಬಚ್ಚಲ ನೀರು, ಮಾಳಿಗೆಯ ನೀರು ಬುನಾದಿಗೆ ಇಳಿಯದಂತೆ ಮಾಡುವುದು ಮೊದಲ ಕೆಲಸ. ಹೊಸದಾಗಿ ಕಟ್ಟುವವರಿಗೆ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟ್ ಕಂಬಗಳ ಬುನಾದಿಯನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ರೂಪಿಸಿದೆ.

ಇಷ್ಟೆಲ್ಲ ತೊಂದರೆಗಳು ಕಿಸೆಗೆ ಭಾರ, ಅಷ್ಟೆ. ಜೀವಕ್ಕೆ ಕುತ್ತು ತರುವುದು ಚಳಿಗಿಂತ ಹೆಚ್ಚಾಗಿ ಬೆಚ್ಚಗಿರಲು ನಾವು ಮಾಡಿಕೊಳ್ಳುವ ಉಪಾಯಗಳು. 2025ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕೋಣೆಯೊಳಗೆ ಇದ್ದಿಲ ಕೆಂಡವಿಟ್ಟುಕೊಂಡು ಮಲಗಿದ್ದ ಮೂವರು ಯುವಕರು ಮತ್ತೆ ಏಳಲಿಲ್ಲ. ಗಾಳಿ ಸಾಲದೆಡೆ ಉರಿಯುವ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿರುವವರಿಗೆ ಎಚ್ಚರವೂ ಆಗುವುದಿಲ್ಲ.

ಹಳೆಯ ಮಾಳಿಗೆ ಮನೆಗಳಲ್ಲಿ ಹತ್ತಿಕಟ್ಟಿಗೆಯಿಂದ ಹಂಡೆ ಕಾಯಿಸುತ್ತಿದ್ದರು. ಹೊಗೆಗೆ ಬೆಳಕಿಂಡಿಯ ದಾರಿಯಿತ್ತು. ಈಗಿನ ಬಚ್ಚಲುಗಳಲ್ಲಿ ಗಾಜಿನ ಕಿಟಕಿಯನ್ನೂ ಚಳಿಗೆಂದು ಭದ್ರವಾಗಿ ಮುಚ್ಚಿ ಗ್ಯಾಸ್ ಗೀಸರ್ ಉರಿಸುತ್ತೇವೆ. ಗೀಸರ್ ಮತ್ತು ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ ಇರಬೇಕು. ಅದಾಗದಿದ್ದರೆ ಬಕೆಟ್ ತುಂಬಿಕೊಂಡು, ಗೀಸರ್ ಆರಿಸಿ, ಬಾಗಿಲು ತೆರೆದಿಟ್ಟು ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಬೇಕು. ತಲೆನೋವು, ತಲೆಸುತ್ತು, ವಾಕರಿಕೆ ಮನೆಯಲ್ಲಿ ಇಬ್ಬರಿಗೆ ಒಟ್ಟಿಗೇ ಕಾಣಿಸಿದರೆ ಪಿತ್ತವೆಂದು ಮಲಗಿಸದೆ ಬಯಲಿಗೆ ಕರೆತಂದು 108ಕ್ಕೆ ಕರೆ ಮಾಡಬೇಕು.

ನೀರು ಕಾಯಿಸುವ ಕಾಯಿಲ್ ಬಳಸುವವರು ಪ್ಲಗ್ ಕಿತ್ತ ಮೇಲೆಯೇ ನೀರಿಗೆ ಬೆರಳಿಡಬೇಕು. ಸವುಳು ನೀರಿನಿಂದ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟಿ ಅದು ಬೇಗ ಸೀಳುತ್ತದೆ, ಜುಮ್ಮೆನ್ನುವುದು ಆಗಲೇ. 30 ಮಿಲಿ ಆಂಪಿಯರ್ ಸೋರಿಕೆಗೆ ಕರೆಂಟ್ ಕಡಿಯುವ ಸ್ವಿಚ್ ಮೀಟರ್ ಬೋರ್ಡಿನಲ್ಲಿದ್ದರೆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಗ್ಯಾಸ್ ಉರಿ ಸಣ್ಣಗಾಯಿತೆಂದು ಸಿಲಿಂಡರನ್ನು ಬಿಸಿನೀರಿನಲ್ಲಿ ಇಡುವುದಾಗಲಿ ಒಲೆಯ ಬಳಿಗೆ ಎಳೆಯುವುದಾಗಲಿ ಸಲ್ಲದು. ಗ್ಯಾಸ್ ಸೋರಿಕೆಯ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ತಿಳಿಸಬೇಕು.