ಕೊನೆಯ ಸಾಲಿಗೂ ಕೇಳಿಸುವ ಸಭೆ

ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಲ್ಲಿಂದ ಆರು ತಿಂಗಳೊಳಗೆ ವಾರ್ಷಿಕ ಮಹಾಸಭೆ ಕರೆಯಬೇಕೆಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಸಹಕಾರ ಸಂಘಗಳದೂ ಇದೇ ಋತು. ಹಾಗಾಗಿ ಹಾಸನ ಜಿಲ್ಲೆಯಲ್ಲಿ ಆಗಸ್ಟ್, ಸೆಪ್ಟೆಂಬರ್ ಬಂತೆಂದರೆ ಹಾಲಿನ ಸಂಘ, ಪತ್ತಿನ ಸಂಘಗಳ ಸಭೆಗಳು ಸಾಲುಗಟ್ಟುತ್ತವೆ. ಬಿತ್ತನೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಕಂಪನಿಗಳ ಡೀಲರ್ ಸಮಾವೇಶಗಳು, ಬೇಲೂರು–ಹಳೇಬೀಡು ತೋರಿಸಿಕೊಂಡು ರೆಸಾರ್ಟಿನಲ್ಲಿ ನೌಕರರ ಕೂಟ ನಡೆಸುವ ಬೆಂಗಳೂರಿನ ಸಂಸ್ಥೆಗಳು ಬೇರೆ. ಎಲ್ಲಕ್ಕೂ ಮೈಕು, ಬಾಕ್ಸು, ಪರದೆ, ದೀಪ, ಕ್ಯಾಮೆರಾ ಬೇಕು. ಇವನ್ನೆಲ್ಲ ಒಂದು ಲೆಕ್ಕಕ್ಕೆ ತಂದು ಹೊಂದಿಸುವುದು ಒಂದು ಕಸುಬು. ದೊಡ್ಡ ಊರುಗಳಲ್ಲಿ ಇದಕ್ಕೆ ಪ್ರತ್ಯೇಕ ಸಂಸ್ಥೆಗಳೇ ಇವೆ; ನಮ್ಮ ತಾಲ್ಲೂಕುಗಳಲ್ಲಿ ಇಂದಿಗೂ ‘ಮೈಕ್‌ಸೆಟ್‌ನವರಿಗೆ ಹೇಳಿಬಿಡಿ’ ಎಂಬ ಒಂದು ಮಾತಿನಲ್ಲಿ ಇದು ಮುಗಿದುಹೋಗುತ್ತದೆ. ಸಾಮಾನು ಬಾಡಿಗೆಗೆ ತರುವುದೇ ಈ ಕೆಲಸವೆಂದು ತಿಳಿದವರೇ ಹೆಚ್ಚು. ನಿಜದಲ್ಲಿ ಸಾಮಾನು ಬರುವ ಮೊದಲೇ ಜಾಗ ನೋಡಿ, ಯಾರು ಎಲ್ಲಿ ಕೂರುತ್ತಾರೆ, ಅವರಿಗೆ ಏನು ಕೇಳಿಸಬೇಕು ಎಂದು ತೀರ್ಮಾನಿಸುವುದೇ ಇದರ ಮುಕ್ಕಾಲು ಪಾಲು. ದುಡ್ಡು ಹಂಚುವಾಗಲೂ ಕಿವಿಯ ಪಾಲನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ಕಣ್ಣಿಗೆ ಕೊಡಬೇಕು. ಈಗ ನಡೆಯುತ್ತಿರುವುದು ಇದಕ್ಕೆ ತಿರುಗುಮುರುಗು.

ಶಬ್ದ ತನ್ನ ನಿಯಮವನ್ನು ಯಾರಿಗಾಗಿಯೂ ಸಡಿಲಿಸುವುದಿಲ್ಲ. ಬಯಲಿನಲ್ಲಿ ಒಂದು ಬಾಕ್ಸಿನಿಂದ ದೂರ ಎರಡರಷ್ಟಾದಾಗಲೆಲ್ಲ ಶಬ್ದದ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಎರಡು ಮೀಟರ್ ದೂರದಲ್ಲಿ ಕೂತ ಗಣ್ಯರಿಗೆ ಹಿತವಾಗಿರುವ ಧ್ವನಿ, 32 ಮೀಟರ್ ದೂರದ ಕುರ್ಚಿಗೆ ಬರುವಷ್ಟರಲ್ಲಿ 24 ಡೆಸಿಬೆಲ್ ಕಳೆದುಕೊಂಡಿರುತ್ತದೆ. ಹಿಂದಿನವರಿಗೆ ಕೇಳಲೆಂದು ವಾಲ್ಯೂಮ್ ಏರಿಸಿದರೆ ಮುಂದಿನವರು ಕಿವಿ ಮುಚ್ಚಿಕೊಳ್ಳುತ್ತಾರೆ, ಮೈಕು ಕುಯ್ಯೆಂದು ಕಿರುಚುತ್ತದೆ. ಇದಕ್ಕೆ ಪರಿಹಾರ ದೊಡ್ಡ ಬಾಕ್ಸಲ್ಲ, ಶಾಮಿಯಾನದ ಮಧ್ಯದಲ್ಲಿ ಇನ್ನೊಂದು ಜೊತೆ ಸಣ್ಣ ಬಾಕ್ಸುಗಳು. ಅವನ್ನು ಸುಮ್ಮನೆ ತಂದು ನಿಲ್ಲಿಸಿದರೂ ಸಾಲದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ವೇದಿಕೆಯಿಂದ 34 ಮೀಟರ್ ಹಿಂದೆ ಇಟ್ಟ ಬಾಕ್ಸಿಗೆ ತಂತಿಯಲ್ಲಿ ಮಾತು ಆ ಕ್ಷಣವೇ ತಲುಪಿದರೆ, ಗಾಳಿಯಲ್ಲಿ ಬರುವ ಮಾತು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಬರುತ್ತದೆ. ಆಗ ಹಿಂದಿನ ಸಾಲಿಗೆ ಒಂದೊಂದು ಮಾತೂ ಎರಡೆರಡು ಸಲ, ಒಂದರ ಮೇಲೊಂದು ಬಿದ್ದು ಕೇಳುತ್ತದೆ. ಮಿಕ್ಸರಿನಲ್ಲಿ ಆ ಹತ್ತನೇ ಒಂದು ಸೆಕೆಂಡಿನ ವಿಳಂಬವನ್ನು ಕೂಡಿಸಿದರೆ ಎರಡೂ ಧ್ವನಿ ಒಂದಾಗುತ್ತವೆ. ಈಗಿನ ಡಿಜಿಟಲ್ ಮಿಕ್ಸರುಗಳಲ್ಲಿ ಈ ಸೌಲಭ್ಯ ಸಾಮಾನ್ಯ. ಇಷ್ಟಕ್ಕೆ ಬೇಕಾದ್ದು ದೂರವನ್ನು ಮೊದಲೇ ಅಳೆದಿಟ್ಟುಕೊಂಡ ಒಬ್ಬ ಮನುಷ್ಯ. ತಗಡಿನ ಛಾವಣಿ, ಟೈಲ್ಸ್ ನೆಲ, ಬರಿಗೋಡೆಯ ಸಮುದಾಯ ಭವನಗಳಲ್ಲಿ ಕಷ್ಟ ಬೇರೆ ಬಗೆಯದು. ಅಲ್ಲಿ ಶಬ್ದ ಕಡಿಮೆಯಾಗುವುದಿಲ್ಲ, ಅನುರಣನದಲ್ಲಿ ಅಕ್ಷರಗಳೇ ಕರಗಿಹೋಗುತ್ತವೆ. ಬಾಕ್ಸನ್ನು ಗೋಡೆಯತ್ತ ಬಿಡದೆ ಜನರತ್ತ ಬಾಗಿಸುವುದು, ಹಿಂಬದಿಯ ಗೋಡೆಗೆ ದಪ್ಪ ಬಟ್ಟೆ ಇಳಿಬಿಡುವುದು ಅಲ್ಲಿನ ಮದ್ದು.

ಕನ್ನಡದ ಸಭೆಗೆ ಇದು ಇನ್ನಷ್ಟು ಮುಖ್ಯ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಿಷೇಧ ಅದರ ಬಾಲದಲ್ಲಿರುತ್ತದೆ. ‘ಈ ವರ್ಷ ಬೋನಸ್ ಕೊಡಲಾಗುವುದಿಲ್ಲ’ ಎಂಬಲ್ಲಿ ಅರ್ಥವನ್ನು ತಿರುಗಿಸುವುದು ಕೊನೆಯ ಎರಡು ಅಕ್ಷರ. ಮಾತಾಡುವವರ ಉಸಿರು ಇಳಿಯುವುದೂ ಅಲ್ಲೇ, ಗುಂಯ್‌ಗುಡುವ ಭವನದಲ್ಲಿ ಮೊದಲು ನುಂಗಿಹೋಗುವುದೂ ಅದೇ. ಸದಸ್ಯರು ಕೈಯೆತ್ತಿ ಒಪ್ಪಿಗೆ ಕೊಡುವ ಸಭೆಯಲ್ಲಿ ಇದು ಅವರ ಹಕ್ಕಿನ ಪ್ರಶ್ನೆ. ಕೇಳಿಸದ ಠರಾವಿಗೆ ಎತ್ತಿದ ಕೈಗೆ ಅರ್ಥವಿಲ್ಲ. ಪ್ರಶ್ನೆ ಕೇಳುವ ಸದಸ್ಯನ ಕೈಗೆ ಓಡಾಡುವ ಮೈಕು ಸಿಗದೆ ಹೋದರೆ ಅವನ ಮಾತು ವೇದಿಕೆಗೂ ಮುಟ್ಟುವುದಿಲ್ಲ, ರೆಕಾರ್ಡಿಂಗಿಗೂ ಸಿಗುವುದಿಲ್ಲ. ವೇದಿಕೆಗೆ ಆರು ಮೈಕು, ಸಭಿಕರಿಗೆ ಸೊನ್ನೆ ಎಂಬ ಏರ್ಪಾಡನ್ನು ತಾಂತ್ರಿಕ ಕೊರತೆ ಎಂದು ಬಿಟ್ಟುಬಿಡುವಂತಿಲ್ಲ. ಸಂಸ್ಥೆ ತನ್ನ ಸದಸ್ಯರನ್ನು ಹೇಗೆ ಕಾಣುತ್ತದೆ ಎಂಬುದು ಅದರಲ್ಲಿದೆ. ಪರದೆಯ ಮೇಲಿನ ಕನ್ನಡಕ್ಕೂ ತನ್ನದೇ ಕಷ್ಟಗಳಿವೆ. ಕಚೇರಿಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ಲೆಕ್ಕಪತ್ರ, ಆ ಫಾಂಟಿಲ್ಲದ ಆಪರೇಟರನ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ಯೂನಿಕೋಡಿಗೆ ಬದಲಿಸಿಕೊಂಡು, ಜೊತೆಗೆ ಒಂದು ಪಿಡಿಎಫ್ ಪ್ರತಿ ಒಯ್ಯುವುದೇ ಇದಕ್ಕೆ ದಾರಿ. ಒತ್ತಕ್ಷರ ಕೆಳಗೆ, ಗುಡಿಸು ಮೇಲೆ ಬರುವ ಲಿಪಿಗೆ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಇಂಗ್ಲಿಷಿನಲ್ಲಿ ಹತ್ತು ಸಾಲು ಹಿಡಿಸುವ ಸ್ಲೈಡಿನಲ್ಲಿ ಕನ್ನಡದ್ದು ಆರೇ ಸಾಲು ಇರಲಿ. ಕೊನೆಯ ಪ್ರೇಕ್ಷಕ ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಕೂರಬಾರದು ಎಂಬುದು ಈ ಕಸುಬಿನವರ ಹಳೆಯ ಅಂದಾಜು. ಕನ್ನಡದ ಓದಿಗೆ ಅದನ್ನು ಇನ್ನೂ ಬಿಗಿ ಹಿಡಿಯುವುದು ಒಳ್ಳೆಯದು.

ಇನ್ನು ಜಾಗದ ಮಾತು. ಒಂದೇ ಜಿಲ್ಲೆಯಾದರೂ ಅರಸೀಕೆರೆ ಬರ ಕಂಡ ಬಯಲುಸೀಮೆ, ಬೇಲೂರು ಅರೆಮಲೆನಾಡು. ಸೆಪ್ಟೆಂಬರಿನಲ್ಲಿ ಬೇಲೂರಿನ ಕಡೆ ಬಯಲಲ್ಲಿ ಸಭೆ ಎಂದರೆ ಮಳೆಯ ಲೆಕ್ಕ ಮೊದಲು. ತಂತಿ ನೆಲದ ಮೇಲೆ ಹರಿಯದೆ ಮೇಲೆ ಹೋಗಬೇಕು, ಜೋಡಣೆಗಳು ಒದ್ದೆಯಾಗದಂತೆ ಮುಚ್ಚಿರಬೇಕು, ಅರ್ಥಿಂಗ್ ಸರಿಯಿರಬೇಕು; ಇಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ. ಅರಸೀಕೆರೆಯಲ್ಲಿ ತೊಂದರೆ ಧೂಳಿನದು, ಬಿಸಿಲಿನದು. ಹಗಲು ಹೊತ್ತಿನ ಶಾಮಿಯಾನದಲ್ಲಿ ಪ್ರೊಜೆಕ್ಟರಿನ ಚಿತ್ರ ಮಂಕಾಗುತ್ತದೆ, ಎಲ್‌ಇಡಿ ಗೋಡೆಗೆ ನಿಜವಾದ ಸಮರ್ಥನೆ ಸಿಗುವುದು ಇಂಥಲ್ಲೇ. ಅದರ ಮೇಲೆ ಅರಸೀಕೆರೆ ರೈಲು ಜಂಕ್ಷನ್. ಬೆಂಗಳೂರು–ಹುಬ್ಬಳ್ಳಿ ಹಳಿಗೆ ಹಾಸನ–ಮೈಸೂರಿನ ಹಳಿ ಸೇರುವ ಊರು. ನಿಲ್ದಾಣದ ಹತ್ತಿರದ ಭವನದಲ್ಲಿ ಸಭೆಯಿಟ್ಟರೆ ಅಧ್ಯಕ್ಷರ ಭಾಷಣದ ವೇಳೆಯನ್ನು ರೈಲಿನ ವೇಳಾಪಟ್ಟಿ ನೋಡಿ ಗೊತ್ತುಮಾಡುವುದು ವಿವೇಕ. ಎಲ್ಲ ಕಡೆಗೂ ಸಾಮಾನ್ಯವಾದದ್ದು ಕರೆಂಟು. ಜನರೇಟರ್ ಇದೆ ಎಂದ ಮಾತ್ರಕ್ಕೆ ನಿಶ್ಚಿಂತೆಯಲ್ಲ. ಕರೆಂಟು ಹೋಗಿ ಜನರೇಟರ್ ಹಿಡಿಯುವ ನಡುವಿನ ಕೆಲವು ಸೆಕೆಂಡುಗಳಲ್ಲಿ ಮಿಕ್ಸರೂ ಪ್ರೊಜೆಕ್ಟರೂ ನಿಂತು, ಮತ್ತೆ ಎದ್ದು ನಿಲ್ಲಲು ನಿಮಿಷಗಳು ಹಿಡಿಯುತ್ತವೆ. ಆ ಎರಡಕ್ಕೆ ಸಣ್ಣದೊಂದು ಯುಪಿಎಸ್ ಕೊಟ್ಟರೆ ಸಾಕು, ಸಭೆ ಮುರಿಯುವುದಿಲ್ಲ.

ಬೇಲೂರು, ಹಳೇಬೀಡುಗಳ ಕೂಟ ಎಂದಾಗ ಹೊರಗಿನ ಕಂಪನಿಗಳು ಮೊದಲು ಕೇಳುವುದು ದೇವಾಲಯದ ಹಿನ್ನೆಲೆಯನ್ನು. 1117ರ ಚೆನ್ನಕೇಶವ ದೇವಾಲಯವೂ ಹಳೇಬೀಡಿನ ಹೊಯ್ಸಳೇಶ್ವರವೂ ಸೋಮನಾಥಪುರದೊಂದಿಗೆ 2023ರ ಸೆಪ್ಟೆಂಬರ್ 18ರಂದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಆಸೆ ಬೆಳೆಯುವುದು ಸಹಜ. ಆದರೆ ಇಂಥ ಸಂರಕ್ಷಿತ ಸ್ಮಾರಕದಲ್ಲಿ ಸಭೆ, ಸತ್ಕಾರ, ಮನರಂಜನೆ ನಡೆಸಲು ಕೇಂದ್ರ ಸರ್ಕಾರದ ಲಿಖಿತ ಅನುಮತಿ ಬೇಕು ಎಂದು 1959ರ ಸ್ಮಾರಕ ನಿಯಮಗಳೇ ಹೇಳುತ್ತವೆ. ರೂಢಿಯಲ್ಲಿರುವ ಧಾರ್ಮಿಕ ಆಚರಣೆಗೆ ಮಾತ್ರ ಅದರಿಂದ ವಿನಾಯಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದೆಂಬ 2000ದ ಶಬ್ದಮಾಲಿನ್ಯ ನಿಯಮ ಊರೆಲ್ಲಕ್ಕೂ ಅನ್ವಯ. ಈ ಕಟ್ಟಳೆಗಳನ್ನು ಅಡ್ಡಿ ಎಂದು ನೋಡುವುದು ತಪ್ಪು. ದೇವಾಲಯದಿಂದ ಪಡೆಯಬೇಕಾದ್ದು ಹಿನ್ನೆಲೆಯಲ್ಲ, ಅದರೊಳಗಿನ ವಿನ್ಯಾಸದ ತಿಳಿವಳಿಕೆ. ಬೇಲೂರಿನ ನವರಂಗದ ನಡುವೆ ದುಂಡನೆಯ ಕಲ್ಲಿನ ವೇದಿಕೆ, ಅದರ ಸುತ್ತ ಕಂಬಗಳು, ಕಂಬಗಳಾಚೆ ಎಲ್ಲ ಕಡೆಯಿಂದಲೂ ಹತ್ತಿರವೇ ನಿಲ್ಲಬಹುದಾದ ನೋಡುಗರು. ಅರಸೀಕೆರೆಯ ಶಿವಾಲಯದ ತೆರೆದ ಮಂಟಪ ಹದಿನಾರು ಮೂಲೆಯ ನಕ್ಷತ್ರದಂತಿದೆ. ಅಲ್ಲೂ ಜನ ಸುತ್ತ, ಕೇಂದ್ರ ನಡುವೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಇಂಥ ಜಾಗಗಳಲ್ಲಿ ದೂರವೇ ಕಡಿಮೆಯಾಗಿತ್ತು. ಉದ್ದನೆಯ ಶಾಮಿಯಾನದ ಒಂದು ತುದಿಗೆ ವೇದಿಕೆ ಕಟ್ಟುವ ಬದಲು ಅದರ ಉದ್ದದ ಬದಿಯ ಮಧ್ಯದಲ್ಲಿ ಕಟ್ಟಿ, ಕುರ್ಚಿಗಳನ್ನು ಅರ್ಧಚಂದ್ರಾಕಾರವಾಗಿ ಹಾಕಿದರೆ ಕೊನೆಯ ಸಾಲಿನ ದೂರ ಬಹುಮಟ್ಟಿಗೆ ಇಳಿಯುತ್ತದೆ. ಇದಕ್ಕೆ ಒಂದು ರೂಪಾಯಿಯ ಹೆಚ್ಚುವರಿ ಬಾಡಿಗೆಯೂ ಇಲ್ಲ.

ಎಲ್‌ಇಡಿ ಗೋಡೆ ಇಲ್ಲದಿದ್ದರೆ ಕಾರ್ಯಕ್ರಮ ಕಳೆಗಟ್ಟುವುದಿಲ್ಲ, ಫೋಟೊದಲ್ಲಿ ಉಳಿಯುವುದು ಅದೇ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಹೊಸ ಯಂತ್ರವೊಂದನ್ನು ಡೀಲರುಗಳಿಗೆ ತೋರಿಸುವ ಸಮಾವೇಶದಲ್ಲಿ ಚಿತ್ರವೇ ಪ್ರಧಾನ. ಕಿವಿ ಕೇಳಿಸದ ಸದಸ್ಯರಿಗೆ ಪರದೆಯ ಬರಹವೇ ಆಧಾರ. ಆದರೂ ಒಂದು ಪರೀಕ್ಷೆ ಮಾಡಿ ನೋಡಬಹುದು. ಪರದೆ ಆರಿಹೋದ ಸಭೆ ಮುಂದುವರಿಯುತ್ತದೆ, ಧ್ವನಿ ನಿಂತ ಸಭೆ ಅಲ್ಲೇ ನಿಲ್ಲುತ್ತದೆ. ಯಾವುದಕ್ಕೆ ಮೊದಲು ದುಡ್ಡು ಹಾಕಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇನ್ನೊಂದು ಆಕ್ಷೇಪ ಅನುಭವಿಗಳದು: ನೂರಾರು ಮದುವೆ, ಜಾತ್ರೆ ಮಾಡಿದ ಮೈಕ್‌ಸೆಟ್‌ನವರಿಗೆ ಕಾಗದದ ಯೋಜನೆ ಏಕೆ? ಅವರ ಅನುಭವ ದೊಡ್ಡದು, ನಿಜ. ಎಷ್ಟೋ ಭವನಗಳ ಗುಣದೋಷ ಎಂಜಿನಿಯರನಿಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆದರೆ ಅವರನ್ನು ಕರೆಯುವುದು ಸಭೆಯ ದಿನ ಬೆಳಿಗ್ಗೆ, ವೇದಿಕೆ, ಕುರ್ಚಿ, ಪರದೆ ಎಲ್ಲವೂ ನಿಂತ ಮೇಲೆ. ಆಗ ಅವರ ಅನುಭವ ಯಾವುದನ್ನೂ ಬದಲಿಸಲಾರದು. ಭಾಷಣ ಯಾರದು ಯಾವಾಗ, ವಿಡಿಯೊ ಯಾವ ಕ್ಷಣಕ್ಕೆ, ಆಗ ಯಾವ ದೀಪ ಆರಬೇಕು, ಯಾವ ಮೈಕು ಮುಚ್ಚಬೇಕು ಎಂಬ ಒಂದು ಹಾಳೆಯ ಪಟ್ಟಿ ನಿರೂಪಕರ ಕೈಯಲ್ಲೂ ಆಪರೇಟರನ ಕೈಯಲ್ಲೂ ಇದ್ದರೆ ಆ ಅನುಭವಕ್ಕೆ ಕೆಲಸ ಸಿಗುತ್ತದೆ. ಸಣ್ಣ ಸಂಘಕ್ಕೆ ಇದೆಲ್ಲ ದುಬಾರಿ ಎನ್ನುವವರಿಗೆ ಉತ್ತರ ಇಲ್ಲಿಯವರೆಗೆ ಹೇಳಿದ್ದರಲ್ಲೇ ಇದೆ. ಅಳತೆ, ಕುರ್ಚಿಯ ಜೋಡಣೆ, ಫಾಂಟು, ಅರ್ಧ ಗಂಟೆಯ ತಾಲೀಮು, ಇವು ಯಾವುವೂ ದುಡ್ಡು ಬೇಡುವುದಿಲ್ಲ. ಒಬ್ಬರು ಹೊಣೆ ಹೊರಬೇಕು, ಅಷ್ಟೆ.

ಕಂಪನಿಯ ಮಹಾಸಭೆಗೆ ಕನಿಷ್ಠ 21 ದಿನ ಮೊದಲು ನೋಟಿಸ್ ಕಳಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ನೋಟಿಸ್ ಅಂಚೆಗೆ ಹಾಕಿದ ದಿನವೇ ಕಾರ್ಯದರ್ಶಿಯವರು ಮೈಕ್‌ಸೆಟ್‌ನವರನ್ನು ಭವನಕ್ಕೆ ಕರೆಸಿಕೊಳ್ಳಲಿ. ದರಪಟ್ಟಿ ಕೇಳುವುದಕ್ಕೆ ಮೊದಲು ಇಬ್ಬರೂ ಕಡೆಯ ಸಾಲಿನ ಕುರ್ಚಿಯಲ್ಲಿ ಕೂತು, ವೇದಿಕೆಯಿಂದ ಒಬ್ಬರಿಂದ ಹಿಂದಿನ ವರ್ಷದ ವರದಿಯ ಒಂದು ಪುಟ ಓದಿಸಿ ಕೇಳಲಿ.