ಅಪ್ಪಾಜಿ ಕೊಟ್ಟ ಮಾತು

ಮನೆಯ ಹಿರಿಯರ ನೆನಪು ಸಮಾಧಿಯ ಕಲ್ಲಿಗಿಂತ ಮನೆಮಂದಿಯ ನಡೆಯಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ನಟ ಡಾ. ರಾಜ್‌ಕುಮಾರ್ ಕುಟುಂಬವೇ ಇದಕ್ಕೆ ಸಾಕ್ಷಿ. 1994ರಲ್ಲಿ ರಾಜಾಜಿನಗರದ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರ ಬ್ಯಾಂಕ್ ಶುರುವಾದಾಗ ಅವರು ಕಣ್ಣು ಕೊಡುವ ಮಾತಿತ್ತರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ, ಊರೇ ತಲ್ಲಣಿಸಿದ್ದ ಹೊತ್ತಿನಲ್ಲೂ, ಮನೆಯವರು ಆ ಮಾತು ನಡೆಸಿಕೊಟ್ಟರು. 2017ರಲ್ಲಿ ಪತ್ನಿ ಪಾರ್ವತಮ್ಮ, 2021ರಲ್ಲಿ ಮಗ ಪುನೀತ್ ಅದೇ ದಾರಿಯಲ್ಲಿ ನಡೆದರು. ಪುನೀತರ ಕಾರ್ನಿಯಾಗಳನ್ನು ಪದರ ಪದರವಾಗಿ ಬಿಡಿಸಿ ನಾಲ್ವರಿಗೆ ಕಸಿ ಮಾಡಲಾಯಿತು.

ಹೆಸರಾಂತರ ಮಾತು ಬೇರೆ, ಸಾಮಾನ್ಯರ ಮನೆಗೆ ಇದು ಹೊಂದೀತೇ ಎನ್ನಬಹುದು. ಕಂಠೀರವ ಸ್ಟುಡಿಯೋದಲ್ಲಿ ರಾಜ್‌ಕುಮಾರರಿಗೆ ಇರುವಂಥ ಸ್ಮಾರಕ ಎಲ್ಲರಿಗೂ ಸಿಗದು, ನಿಜ. ಆದರೆ ಕಣ್ಣುದಾನ ಸಾಮಾನ್ಯರ ಮನೆಗೂ ಸಾಧ್ಯ; ಸಾವಿನ ನಂತರ ಸುಮಾರು 6 ಗಂಟೆಯೊಳಗೆ ಕಣ್ಣನ್ನು ಪಡೆಯಬೇಕು, ಅಷ್ಟೆ. ಅದಕ್ಕೆ ಬೇಕಾದದ್ದು ಖ್ಯಾತಿಯಲ್ಲ, ಅಳುವಿನ ನಡುವೆಯೂ ಅಪ್ಪನ ಇಚ್ಛೆ ನೆನೆದು ನೇತ್ರ ಬ್ಯಾಂಕಿಗೆ ಫೋನ್ ಮಾಡುವ ಒಬ್ಬ ಮಗನೋ ಮಗಳೋ.